ಈರಣ್ಣನ ಗೂಡಿಗೆ ಹೋದ ಓಟು

ನಮ್ಮ ಕೇರಿಯಲ್ಲಿ ಹೆಸರಿನ ಮುಂದೆ ಬಿ.ಎ. ಅಂತ ಬರೆದುಕೊಂಡ ಮೊದಲ ಮನುಷ್ಯ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕೋಸಗಿ ಸ್ಟೇಷನ್ನಿನಲ್ಲಿ ಹತ್ತಿ ಮೂಟೆ ಹೊತ್ತ, ಅವ್ವ ಗೌಡರ ಹೊಲದಲ್ಲಿ ಕಳೆ ತೆಗೆದಳು, ನಾನು ಬಳ್ಳಾರಿಯ ಹಾಸ್ಟೆಲ್ಲಿನಲ್ಲಿ ಅರ್ಧ ಹೊಟ್ಟೆ ಉಂಡು ಓದಿದೆ. ಆದರೆ ಅದಕ್ಕೆಲ್ಲ ಮುಂಚೆ ಕೇರಿಯೊಳಗೇ ಒಂದು ಕನ್ನಡ ಶಾಲೆ ಇತ್ತು. ತಗಡಿನ ಮಾಡು, ಒಬ್ಬರೇ ಮಾಸ್ತರು. ಅದು ಇರದಿದ್ದರೆ ನಾನೂ ಮೂಟೆ ಹೊರುತ್ತಿದ್ದೆ. ಐವತ್ತೇಳರ ಚುನಾವಣೆ ಬಂದಾಗ ಆ ಶಾಲೆಯನ್ನು ಮುಚ್ಚುವ ಮಾತು ನಡೆದಿತ್ತು. ನನ್ನ ತಂಗಿ ಅಲ್ಲಿ ನಾಲ್ಕನೇ ತರಗತಿಯಲ್ಲಿದ್ದಳು.

ಮೊದಲನೇ ಚುನಾವಣೆಯಲ್ಲಿ ನಾವು ಮದ್ರಾಸ್ ರಾಜ್ಯದವರು, ಜಿಲ್ಲೆ ಬಳ್ಳಾರಿ. ಮುಂದಿನ ವರ್ಷ ಆಂಧ್ರ ಬೇರೆಯಾಯಿತು. ಆದೋನಿ, ಆಲೂರು ತಾಲೂಕುಗಳನ್ನು ಕರ್ನೂಲಿಗೆ ಕೊಟ್ಟರು. ಹಾಲಹರವಿಯ ಆಚೆಗಿದ್ದ ನಮ್ಮ ನೆಂಟರು ಮೈಸೂರಿನವರಾದರು, ಈಚೆಗಿದ್ದವರು ಆಂಧ್ರದವರಾದರು. ಎರಡನೇ ಸಲ ಪಾರ್ಲಿಮೆಂಟಿಗೆ ಓಟು ಹಾಕುವ ಹೊತ್ತಿಗೆ ಆದೋನಿ ಹೆಸರಿನದೇ ಒಂದು ಕ್ಷೇತ್ರ ಆಗಿತ್ತು. ನಮ್ಮ ಕೇರಿಗೆ ಇದರಿಂದೆಲ್ಲ ಆದದ್ದು ಇಷ್ಟೇ: ಶಾಲೆ ನೋಡಲು ಬರುವ ಇನ್‌ಸ್ಪೆಕ್ಟರು ತೆಲುಗಿನಲ್ಲಿ ಮಾತಾಡತೊಡಗಿದರು. ಊರೊಳಗೆ ತೆಲುಗು ಶಾಲೆ ಇದೆ, ಮಕ್ಕಳು ಅಲ್ಲಿಗೆ ಹೋಗಲಿ, ಬೇಸಿಗೆ ರಜೆ ಕಳೆದ ಮೇಲೆ ಇದು ಇರುವುದಿಲ್ಲ ಎಂದರು.

ಊರೊಳಗೆ ಅಂದರೆ ಗೌಡರ ಓಣಿ ದಾಟಿ ಹೋಗಬೇಕು. ಗಂಡುಹುಡುಗರು ಹೇಗೋ ಹೋಗಿ ಶಾಲೆಯ ಕಟ್ಟೆಯ ಮೇಲೆ ದೂರ ಕೂತಾರು. ಹೆಣ್ಣುಮಕ್ಕಳನ್ನು ಆ ಓಣಿಯಲ್ಲಿ ದಿನವೂ ಕಳಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ತಂಗಿಯ ಓದು ಅಲ್ಲಿಗೆ ನಿಲ್ಲುತ್ತಿತ್ತು. ಕೇರಿಯ ಎರಡನೇ ಬಿ.ಎ. ಅವಳಾಗಬೇಕು ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ಅವಳ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿತ್ತು.

ಆಗಲೇ ಆದೋನಿಯ ವಕೀಲರೊಬ್ಬರು ಚುನಾವಣೆಗೆ ನಿಂತರು. ನಮ್ಮ ಬೇವಿನ ಮರದ ಕೆಳಗೆ ಬಂದು ಕನ್ನಡದಲ್ಲೇ ಮಾತಾಡಿದರು. "ನಾ ಡೆಲ್ಲಿಗೆ ಹೋದ್ರ ಈ ಸಾಲಿ ಮುಚ್ಚಾಕ ಬಿಡೂದಿಲ್ರವ್ವಾ" ಅಂದರು. ಅವರ ಗುರುತು ದೋಣಿ. ನನ್ನ ಡಿಗ್ರಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ, ಹಾಗಾಗಿ ಕೇರಿಗೆ ಓಟು ಕಲಿಸುವ ಕೆಲಸ ನಾನೇ ಹೊತ್ತುಕೊಂಡೆ.

ಆಗಿನ್ನೂ ಚೀಟಿಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಅವನ ಗುರುತಿನ ಚಿತ್ರ ಪೆಟ್ಟಿಗೆಗೆ ಅಂಟಿಸಿರುತ್ತಿದ್ದರು. ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋಗಿ, ಬೇಕಾದ ಪೆಟ್ಟಿಗೆಯ ಸಂದಿಯೊಳಗೆ ಇಳಿಬಿಟ್ಟು ಬರಬೇಕು. ನಾನು ಎರಡು ಸೀಮೆಎಣ್ಣೆ ಡಬ್ಬಿಗಳಿಗೆ ಸಂದಿ ಕೊರೆಸಿದೆ. ಒಂದರ ಮೇಲೆ ತಂಗಿಯ ಕೈಯಿಂದ ಸುಣ್ಣದಲ್ಲಿ ದೋಣಿ ಬರೆಸಿದೆ. ನಮ್ಮ ಕಡೆ ಎಲ್ಲಿಯ ದೋಣಿ?

"ಇದೇನವಾ, ಹರಿಗೋಲನ?" ಎಂದಳು ಪಕ್ಕದ ಮನೆಯ ಅತ್ತಿ.

"ಹರಿಗೋಲು ಗುಂಡಗಿರತೈತಿ ಅತ್ತಿ. ಇದು ಉದ್ದುಕ ಐತಿ," ಎಂದಳು ತಂಗಿ.

"ತೊಟ್ಲಾ ಅನ್ನು ಹಂಗಾರ. ಇದರಾಗ ಕುಂತು ಅಂವ ಡೆಲ್ಲಿಗೆ ಹೊಕ್ಕಾನೇನು? ನೀರ ಇಲ್ಲ, ಎತ್ಲಾಗ ತೇಲಿಸ್ತೀರಿ ಅವನ್ನ?"

ಎಲ್ಲರೂ ನಕ್ಕರು. ನಗುತ್ತಲೇ ಕಲಿತರು. ಒಳಗೆ ಯಾರೂ ನೋಡುವುದಿಲ್ಲ, ಗೌಡರಿಗೂ ಗೊತ್ತಾಗುವುದಿಲ್ಲ ಎಂದು ನಾನು ಒತ್ತಿ ಒತ್ತಿ ಹೇಳಿದೆ. ಅವ್ವ ತಂಗಿಯ ನೆತ್ತಿಯ ಮೇಲೆ ಕೈಯಿಟ್ಟು, "ಈಕಿ ಮ್ಯಾಲ ಆಣಿ, ದೋಣಿ ಬಿಟ್ಟು ಮತ್ತೊಂದಕ್ಕ ಹಾಕಂಗಿಲ್ಲ" ಅಂದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಅಂದಳು. ಉಳಿದ ಹೆಂಗಸರೂ ತಮ್ಮ ತಮ್ಮ ಮಕ್ಕಳ ತಲೆ ಮುಟ್ಟಿದರು.

ಓಟಿನ ಹಿಂದಿನ ದಿನ ಗೌಡರು ಕೇರಿಗೆ ಬಂದರು. ಅವರ ಆಳು ಕೆಂಪು ಬಟ್ಟೆಯಲ್ಲಿ ಉರುಕುಂದ ಈರಣ್ಣನ ಸನ್ನಿಧಿಯಿಂದ ತಂದ ಕಾಯಿ ಹಿಡಿದಿದ್ದ. ಹಿಂದಿನ ಚುನಾವಣೆಗಳಲ್ಲೂ ಇದೇ ಪದ್ಧತಿ. ಆ ಕಾಯಿ ಮುಟ್ಟಿ, ಗೌಡರು ಹೇಳಿದ ಪೆಟ್ಟಿಗೆ ಬಿಟ್ಟು ಬೇರೆ ಪೆಟ್ಟಿಗೆಗೆ ಹಾಕುವುದಿಲ್ಲ ಎಂದು ಆಣೆ ಮಾಡಬೇಕು. ಗೌಡರು ಯಾರನ್ನೂ ಬೈಯಲಿಲ್ಲ, ಹೆದರಿಸಲಿಲ್ಲ. "ಮುಟ್ರಿ, ಮುಟ್ರಿ, ನಿಮ್ದ ದೇವ್ರು" ಅಂದರು. ನನ್ನ ಮುಂದೆ ಬಂದಾಗ ನಕ್ಕು, "ಬಿ.ಎ. ಸಾಹೇಬ್ರು ಬ್ಯಾಡ ಬಿಡು, ಅವರಿಗೆ ದೇವ್ರು ಪುಸ್ತಕದಾಗ ಅದಾನ" ಎಂದು ದಾಟಿ ಹೋದರು. ಅಪ್ಪ ಮುಟ್ಟಿದ. ಅವ್ವನೂ ಮುಟ್ಟಿದಳು. ಕೇರಿಯೆಲ್ಲ ಮುಟ್ಟಿತು.

ಆ ಸಂಜೆ ಅವ್ವನಿಗೆ ಮತ್ತೆ ತಿಳಿಸಿ ಹೇಳಿದೆ. "ಬಲವಂತದ ಆಣಿ ಆಣಿನೇ ಅಲ್ಲವ್ವಾ. ಒಳಗ ಯಾರೂ ನೋಡಾಂಗಿಲ್ಲ."

"ಯಾರೂ ಅಂದ್ರ ಯಾರಪ್ಪಾ? ಪೊಲೀಸ್ನೋರು ನೋಡಂಗಿಲ್ಲ, ಗೌಡ್ರು ನೋಡಂಗಿಲ್ಲ. ಈರಣ್ಣಗೂ ಪರದೆ ಕಟ್ಟ್ಯಾರೇನು?"

ಆದರೂ ಅವಳು ಮಗಳ ಮೇಲೆ ಆಣೆ ಮಾಡಿದ್ದಾಳಲ್ಲ, ಅದನ್ನು ಮುರಿಯಲಾರಳು ಎಂಬ ಧೈರ್ಯವಿತ್ತು.

ಮರುದಿನ ಹೆಂಗಸರೆಲ್ಲ ಒಟ್ಟಾಗಿ ಹೋಗಿ ಸಾಲು ನಿಂತು ಓಟು ಹಾಕಿ ಬಂದರು. ಬೆರಳಿನ ಶಾಯಿ ತೋರಿಸಿದರು. ನನ್ನ ಎದೆ ಉಬ್ಬಿತು. ಮನೆಗೆ ಬಂದು ನೋಡಿದರೆ ಅವ್ವ ಸೀರೆಯ ಮಡಿಲಿನಿಂದ ಮಡಿಚಿದ ಚೀಟಿ ತೆಗೆದು ಗೋಡೆಯ ಗೂಡಿನಲ್ಲಿ ಈರಣ್ಣನ ಪಟದ ಮುಂದೆ ಇಡುತ್ತಿದ್ದಳು. ಮೇಲೆ ಒಂದು ಚಿಟಿಕೆ ಅರಿಶಿನ ಹಾಕಿದಳು.

"ಅವ್ವಾ, ಏನಿದು?"

"ನಿನ್ನ ತಂಗಿ ಮ್ಯಾಲಿನ ಆಣಿನೂ ಉಳೀತು, ಕಾಯಿ ಮುಟ್ಟಿದ ಆಣಿನೂ ಉಳೀತು. ಯಾವ ಪೆಟಗಿಗೂ ಹಾಕಲಿಲ್ಲ. ಈರಣ್ಣಗ ಕೊಟ್ಟೀನಿ. ಅಂವಗ ತಿಳದೋರಿಗೆ ಅಂವ ಹಾಕ್ಲಿ."

"ಬಾಕಿಯೋರು?"

"ಎಲ್ಲಾರೂ ಹಂಗ ಮಾಡೀವಿ. ಬಾವಿ ಹತ್ರ ಮಾತಾಡ್ಕೊಂಡ ಹೋಗಿದ್ವಿ. ನಿನಗ ಹೇಳಿದ್ರ ಬಿಡ್ತಿದ್ದಿಲ್ಲ."

ಪಕ್ಕದ ಮನೆಗೆ ಓಡಿದೆ. ಅಲ್ಲೂ ಗೂಡಿನಲ್ಲಿ ಚೀಟಿ, ಅರಿಶಿನ. ಆಚೆ ಮನೆಯಲ್ಲೂ ಹಾಗೆಯೇ. ಗಂಡಸರು ಗೌಡರ ಪೆಟ್ಟಿಗೆಗೆ ಹಾಕಿದ್ದರು, ಹೆಂಗಸರು ದೇವರಿಗೆ ಕೊಟ್ಟಿದ್ದರು. ದೋಣಿಗೆ ನಮ್ಮ ಕೇರಿಯಿಂದ ಬಿದ್ದದ್ದು ನನ್ನದೊಂದೇ ಇರಬೇಕು.

ಇನ್ನೂ ಹೊತ್ತಿತ್ತು. ಅವ್ವನ ಕೈ ಹಿಡಿದು ಎಳೆದುಕೊಂಡೇ ಹೋದೆ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಅವಳ ಬೆರಳು ನೋಡಿ, "ಮಳ್ಳೀ ಲೋಪಲಿಕಿ ಪೋಕೂಡದಮ್ಮಾ" ಎಂದು ತಡೆದ. ಶಾಯಿ ಬಿದ್ದ ಬೆರಳು ಎರಡನೇ ಸಲ ಒಳಗೆ ಹೋಗುವಂತಿಲ್ಲ. ಚೀಟಿ ಹೊರಗೆ ತಂದದ್ದೇ ಅಪರಾಧ, ಅದನ್ನು ತೋರಿಸುವ ಹಾಗೂ ಇರಲಿಲ್ಲ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಧಿಕಾರಿಯನ್ನು ಕಾಣಬೇಕು ಎಂದೆ. ಅವನು ಕೋಲಿನಿಂದ ರಸ್ತೆ ತೋರಿಸಿದ. ದಾರಿಯಲ್ಲಿ ಅವ್ವ, "ಬಿಸಲಾಗ ಯಾಕ ತಿರಗಸ್ತಿ, ಆತಲ್ಲ, ಬಿಡು" ಅಂದಳು. ಅವಳ ಮುಖದಲ್ಲಿ ಸಮಾಧಾನವಿತ್ತು. ಅದನ್ನು ನೋಡಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿಡಿದಿದ್ದ ಅವಳ ಕೈ ಬಿಟ್ಟೆ.

ಎಣಿಕೆಯ ಸುದ್ದಿ ರೈಲಿನಲ್ಲಿ ಬಂದವರಿಂದ ಕೋಸಗಿಗೆ ತಿಳಿಯಿತು. ಗೌಡರ ಕಡೆಯವರು ಬಹಳ ಮುಂದಿದ್ದರು. ನಮ್ಮ ಹೆಂಗಸರ ಚೀಟಿಗಳೆಲ್ಲ ದೋಣಿಗೆ ಬಿದ್ದಿದ್ದರೂ ವಕೀಲರು ಗೆಲ್ಲುತ್ತಿರಲಿಲ್ಲ. ಸುತ್ತಲಿನ ಹತ್ತು ಕೇರಿಗಳು ಸೇರಿ ಹಾಕಿದ್ದರೂ ಗೆಲ್ಲುತ್ತಿರಲಿಲ್ಲ. ನಾನು ಡಬ್ಬಿ ಕೊರೆಸಿದ್ದು, ಕಲಿಸಿದ್ದು, ಅವ್ವನನ್ನು ಬಿಸಿಲಿನಲ್ಲಿ ಎಳೆದದ್ದು ಯಾವುದೂ ಲೆಕ್ಕಕ್ಕೇ ಬಂದಿರಲಿಲ್ಲ. ಸೋಲಿಗೆ ಅವ್ವ ಕಾರಣ ಎಂದಾದರೂ ಇದ್ದಿದ್ದರೆ ಕೋಪ ಮಾಡಿಕೊಂಡು ಮರೆಯುತ್ತಿದ್ದೆ. ವಕೀಲರು ಮತ್ತೆ ನಮ್ಮ ಬೇವಿನ ಮರದ ಕಡೆ ಬರಲಿಲ್ಲ. ಗೆದ್ದವರೂ ಬರಲಿಲ್ಲ. ಅವರ ಮುಖವನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ಬೇಸಿಗೆ ರಜೆ ಮುಗಿದರೂ ಶಾಲೆಯ ಬಾಗಿಲು ತೆರೆಯಲಿಲ್ಲ. ಮಾಸ್ತರಿಗೆ ದೂರದೂರಿಗೆ ವರ್ಗವಾಯಿತು. ತಗಡನ್ನು ಯಾರೋ ಬಿಚ್ಚಿಕೊಂಡು ಹೋದರು. ಎರಡು ತಿಂಗಳು ತಂಗಿಗೆ ಮನೆಯಲ್ಲೇ ಕಲಿಸಿದೆ. ಅಷ್ಟರಲ್ಲಿ ನನಗೆ ಆದೋನಿಯ ಹತ್ತಿ ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ಮಾಸ್ತರಾಗಲು ತೆಲುಗು ಪರೀಕ್ಷೆ ಪಾಸಾಗಬೇಕಿತ್ತು, ಆಗಿರಲಿಲ್ಲ. ಅಪ್ಪನ ಬೆನ್ನು ಹಿಡಿದುಕೊಂಡಿತು. ಹತ್ತಿಯ ಸುಗ್ಗಿಯಲ್ಲಿ ಕೇರಿಯ ಹೆಂಗಸರ ಜೊತೆ ಅವ್ವ ತಂಗಿಯನ್ನೂ ರೈಲು ಹತ್ತಿಸಿ ಅದೇ ಕಾರ್ಖಾನೆಗೆ ಕರೆತಂದಳು. ಬೇಡ ಎನ್ನಲು ನನ್ನ ಸಂಬಳ ಸಾಲುತ್ತಿರಲಿಲ್ಲ.

ಮೊದಲ ಬಟವಾಡೆಯ ದಿನ ನಾನು ಕಿಟಕಿಯ ಒಳಗಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿ ಕೂಲಿ ತೆಗೆದುಕೊಳ್ಳುತ್ತಿದ್ದರು. ತಂಗಿಯ ಸರದಿ ಬಂತು. ಕೂದಲು, ಹುಬ್ಬುಗಳ ಮೇಲೆಲ್ಲ ಹತ್ತಿಯ ನವಿರು. ನಾನು ಲೇಖನಿ ಮುಂದೆ ಚಾಚುವಷ್ಟರಲ್ಲಿ ಅವಳು ಮಸಿಗೆ ಬೆರಳಿಟ್ಟು ಒತ್ತಿಬಿಟ್ಟಿದ್ದಳು.

"ಯಾಕವಾ, ನಿನಗ ಬರಿಯಾಕ ಬರ್ತೈತೆಲ್ಲ?" ಎಂದೆ.

"ಎಲ್ಲಾರೂ ಒತ್ತತಾರಣ್ಣಾ. ನಾ ಒಬ್ಬಾಕಿ ಬರಕೋತ ನಿಂತ್ರ ಹಿಂದಿನೋರಿಗೆ ರೈಲು ತಪ್ಪತೈತಿ," ಎಂದು ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಅವ್ವನ ಹಿಂದೆ ಹೋದಳು.