ಗಂಜಿಯ ಸಾಕ್ಷಿ

ಬಹಳ ಹಿಂದೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಗೋಡೆಯ ತೂತಿನಿಂದ ಇಣುಕಿದ ವಿಧವೆಯೊಬ್ಬಳು, ಪಕ್ಕದ ಮನೆಯ ಗಂಡಹೆಂಡಿರು ಒಂದೇ ತಟ್ಟೆಯಲ್ಲಿ ಉಂಡದ್ದನ್ನು ಕಂಡೆನೆಂದು ಚರ್ಚಿನ ಕೋರ್ಟಿನಲ್ಲಿ ಆಣೆಯಿಟ್ಟು ಹೇಳಿದ್ದಾಳೆ. ಅದನ್ನು ನಾನು ಓದಿದ್ದು ಅಬುಧಾಬಿಯ ಹನ್ನೆರಡನೇ ಮಹಡಿಯಲ್ಲಿ. ಇಲ್ಲಿ ಪಕ್ಕದ ಫ್ಲಾಟಿನವರ ಹೆಸರೂ ನನಗೆ ಗೊತ್ತಿಲ್ಲ.

ಆ ಕಾಲದಲ್ಲಿ ಅಲ್ಲಿ ಮದುವೆ, ಉಯಿಲು, ಬೈಗುಳದ ತಂಟೆಗಳೆಲ್ಲ ಚರ್ಚಿನ ಕೋರ್ಟಿಗೆ ಹೋಗುತ್ತಿದ್ದವು. ಸಾಕ್ಷಿಗಳ ಕೈಬರಹದ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಓದಿ, ಟೈಪು ಮಾಡಿ ಸಂಶೋಧಕರೊಬ್ಬರಿಗೆ ಕಳಿಸುವುದು ನನ್ನ ಕೆಲಸ. ಸಾಕ್ಷಿ ಮೊದಲು ಹೇಳಬೇಕಾದದ್ದು ಹುಟ್ಟಿದ್ದೆಲ್ಲಿ, ಈಗ ಇರುವುದೆಲ್ಲಿ, ಎಷ್ಟು ಕಾಲದಿಂದ. ಎಲ್ಲರ ಮನೆ ದೋಸೆಯೂ ತೂತು ಎನ್ನುತ್ತೇವೆ; ಅಲ್ಲಿ ಗೋಡೆಗಳೂ ತೂತು. ನನ್ನ ತವರು ಶಿರ್ವದಲ್ಲೂ ಅಷ್ಟೇ, ನಮ್ಮ ಸಾರಿಗೆ ಉಪ್ಪು ಹೆಚ್ಚಾದರೆ ಭಾನುವಾರದೊಳಗೆ ಇಡೀ ಇಗರ್ಜಿಗೆ ಗೊತ್ತು.

ಈ ಫ್ಲಾಟಿನಲ್ಲೇ ನನ್ನ ಜೊತೆಗಿದ್ದು, ಆಮೇಲೆ ದೂರದ ರುವೈಸಿನ ರಿಫೈನರಿಯಲ್ಲಿ ಕೆಲಸ ಸಿಕ್ಕಿ ಹೋದ ಗಂಡ ಒಂದು ದಿನ ಫೋನಿನಲ್ಲಿ ‘ಖಲಾಸ್’ ಎಂದ. ಮುಗಿಯಿತು ಎಂಬುದಕ್ಕೆ ಇಲ್ಲಿನ ಅರಬಿ ಮಾತು. ಗ್ಯಾಸ್ ಸಿಲಿಂಡರ್ ಖಾಲಿಯಾದರೂ ಅದನ್ನೇ ಹೇಳುವುದು. ನನಗೆ ಅಳು ಬರಲಿಲ್ಲ. ಅಂದಿನ ಪುಟ ಟೈಪು ಮಾಡಿ ಮುಗಿಸಿದೆ.

ಆಮೇಲೆ ಊರಿನ ಚರ್ಚ್ ನ್ಯಾಯಮಂಡಳಿಯಿಂದ ಸುದ್ದಿ ಬಂತು. ನಾವು ಒಂದು ದಿನವೂ ಗಂಡಹೆಂಡಿರಂತೆ ಬಾಳಿಲ್ಲ, ಈ ಮದುವೆ ಆಗಿಯೇ ಇಲ್ಲವೆಂದು ತೀರ್ಪು ಕೊಡಿ ಎಂದು ಅವನು ಕೇಳಿದ್ದ. ಬಿಟ್ಟುಹೋಗಲಿ, ಬೇಡ ಎನ್ನುವುದಿಲ್ಲ. ಆ ವರ್ಷಗಳೇ ಇರಲಿಲ್ಲ ಎಂದರೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ನ್ಯಾಯಮಂಡಳಿಯ ಪರವಾಗಿ ಹೇಳಿಕೆ ಬರೆದುಕೊಳ್ಳಬೇಕಾಗಿದ್ದ ಇಲ್ಲಿನ ಪಾದ್ರಿಗಳು ನಮ್ಮ ಮಂಗಳೂರಿನ ಕಡೆಯವರು. ಸಾಕ್ಷಿ ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ನಮ್ಮಿಬ್ಬರನ್ನು ದಿನವೂ ಕಂಡವರೆಂದರೆ ಕೆಳಗಿನ ಬಕಾಲಾದ, ಅಂದರೆ ಕಿರಾಣಿ ಅಂಗಡಿಯ, ಭಟ್ಕಳದ ಕಾಕಾ ಒಬ್ಬರೇ. ಆದರೆ ನಾನು ಟೈಪು ಮಾಡುವ ಆ ಹಳೆಯ ಕೋರ್ಟು ಚರ್ಚಿನಿಂದ ಹೊರಹಾಕಿದವರ ಸಾಕ್ಷ್ಯವನ್ನು ತಳ್ಳಿಹಾಕುತ್ತಿತ್ತು. ಅದನ್ನೇ ಓದಿ ಓದಿ, ಮುಸಲ್ಮಾನರಾದ ಕಾಕಾರ ಸಾಕ್ಷಿ ಹೇಗೆ ನಡೆದೀತು ಎಂದುಕೊಂಡಿದ್ದೆ; ಅದನ್ನೂ ಪಾದ್ರಿಗಳಿಗೆ ಹೇಳಿದೆ.

“ಅದು ನಿಮ್ಮ ಇಂಗ್ಲೆಂಡಿನ ಕತೆ. ಕಂಡವರು ಯಾರಾದರೂ ಆಗ್ತದೆ, ಕರ್ಕೊಂಡು ಬನ್ನಿ,” ಎಂದರು ಪಾದ್ರಿಗಳು.

ಕಾಕಾ ಶುಕ್ರವಾರದ ನಮಾಜು ಮುಗಿಸಿ ಬಂದರು. ಸಾಕ್ಷಿಯನ್ನು ಒಬ್ಬರನ್ನೇ ಕೂರಿಸಿ ಕೇಳುವುದು ಆಗಲೂ ಪದ್ಧತಿ, ಈಗಲೂ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊರಬಂದವರೇ ಪಕ್ಕದಲ್ಲಿ ಕೂತರು.

“ನಿಮಗೆ ಜ್ವರ ಬಂದಿತ್ತಲ್ಲ ತಂಗಿ, ಆವಾಗ ನಿಮ್ಮವರು ಕೆಳಗೆ ಬಂದು ಕುಚ್ಚಲಕ್ಕಿ ತಗೊಂಡ್ರು. ಗಂಜಿ ಹೇಗೆ ಮಾಡೋದು ಅಂತ ನನ್ನ ಹತ್ರ ಕೇಳ್ಕೊಂಡು ಹೋದ್ರು. ನಾನು ಅಷ್ಟೇ ಹೇಳಿದ್ದು.”

ಆ ಗಂಜಿ ತಳ ಹಿಡಿದಿತ್ತು. ಪೂರ್ತಿ ಉಂಡಿದ್ದೆ. ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ಅವನ ನೆನಪಿನಿಂದ ನೋವಾಯಿತು.

ಆಮೇಲೆ ನನ್ನ ಸರದಿ. ನನಗೆ ಬಾಯಿಪಾಠವಾಗಿದ್ದ ಪ್ರಶ್ನೆಗಳೇ. ಹುಟ್ಟಿದ್ದು ಶಿರ್ವ ಎಂದೆ, ಇರುವುದು ಅಬುಧಾಬಿ ಎಂದೆ.

“ಇಲ್ಲಿಗೆ ಬಂದು ಎಷ್ಟು ಕಾಲ ಆಯ್ತು?”

“ಮದುವೆ ಆಗಿ ಬಂದದ್ದು, ಫಾದರ್.”

ಪಾದ್ರಿಗಳು ಹಾಗೆಯೇ ಬರೆದುಕೊಂಡರು. ಶಿರ್ವದವರಿಗೆ ನಾನು ಮದುವೆಯಾಗಿ ಹೋದವಳು, ಇಲ್ಲಿ ಮದುವೆಯಾಗಿ ಬಂದವಳು. ಆ ಮದುವೆಯೇ ಇರಲಿಲ್ಲವೆಂದು ತೀರ್ಪಾದರೆ, ನಾನು ಶಿರ್ವ ಬಿಟ್ಟದ್ದು ಯಾಕೆ, ಇಲ್ಲಿಗೆ ಬಂದದ್ದು ಯಾವಾಗ ಎಂದು ಇನ್ನು ಯಾರಿಗೆ ಏನು ಹೇಳಲಿ?