ತೀರ್ಥದ ಬಟ್ಟಲಿನ ನೀಲಿ ಎಸಳು

ಕ್ವೀನ್ಸ್‌ಬರಿಯ ನಮ್ಮ ಹಿತ್ತಲಿನದು ಜೇಡಿಮಣ್ಣು. ಚಳಿಗಾಲದ ಮಳೆ ಅದರಲ್ಲಿ ಇಂಗುವುದಿಲ್ಲ, ನಿಲ್ಲುತ್ತದೆ. ಮೊದಲು ಲ್ಯಾವೆಂಡರ್ ಗಿಡ ಹೋಯಿತು, ಆಮೇಲೆ ಸೇಜ್. ಹಿಮಕ್ಕೆ ಸತ್ತಿರಬೇಕೆಂದು ನಾನು ತಿಳಿದಿದ್ದೆ. ನನ್ನ ಗಂಡ ಒಂದನ್ನು ಕಿತ್ತು ತೋರಿಸಿದ. ಬೇರು ಕಪ್ಪಗಾಗಿ, ಹಿಸುಕಿದರೆ ಬೆರಳಿನಿಂದ ಜಾರುತ್ತಿತ್ತು. ಚಳಿ ತಡೆಯುವ ಗಿಡಗಳೂ ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲಲಾರವು.

ಹಾಗಾಗಿ ವಸಂತದಲ್ಲಿ ಅವನು ತೇವಕ್ಕೆ ಹೆದರದ ಗಿಡಗಳನ್ನೇ ಆರಿಸಿ ತಂದ. ಅವುಗಳಲ್ಲಿ ಒಂದು ಮಾಂಕ್ಸ್‌ಹುಡ್. ವಿಷದ ಗಿಡ, ಬರಿಗೈಯಲ್ಲಿ ಮುಟ್ಟಬಾರದು ಎಂದು ನನಗೂ ಮಗಳಿಗೂ ಹೇಳಿ, ಬೇಲಿಯ ಹತ್ತಿರ ಹಿಂದಿನ ಸಾಲಿನಲ್ಲಿ ನೆಟ್ಟ. ಸೆಪ್ಟೆಂಬರಿನಲ್ಲಿ ಅದು ಕಡುನೀಲಿ ಹೂ ಬಿಟ್ಟಿತು. ಅದೇ ವಾರ ಧಾರವಾಡದಿಂದ ಅತ್ತೆ ಬಂದರು. ಆ ಗಿಡ ವಿಷವೆಂದು ಅವರಿಗೂ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅತ್ತೆಗೆ ಅಂಗಡಿಯ ಹೂವು ಆಗದು. ದೇವರಿಗೆ ಮನೆಯ ಹೂವೇ ಬೇಕು. ತುಳಸಿ ಇಲ್ಲದಿದ್ದರೆ ದೇವರಿಗೆ ಏರಿಸಿದ ಹೂವಿನ ಎಸಳನ್ನಾದರೂ ತೀರ್ಥಕ್ಕೆ ಹಾಕುತ್ತಾರೆ. ಆ ಬೆಳಿಗ್ಗೆ ನಾನು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆ. ಬೆಳ್ಳಿಯ ಬಟ್ಟಲಿನಲ್ಲಿ ನೀಲಿ ಎಸಳು ತೇಲುತ್ತಿತ್ತು. ಚೆಂದವಾಗಿದೆ ಎಂದುಕೊಂಡೆ, ಅಷ್ಟೇ. ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಮಗಳು ಅಂಗೈ ಒಡ್ಡಿದಳು. ಅತ್ತೆ ಉದ್ಧರಣೆಯಿಂದ ತೀರ್ಥ ಹಾಕಿದರು.

ಮೆಟ್ಟಿಲಿಳಿದು ಬಂದ ನನ್ನ ಗಂಡ ದೇವರ ಮುಂದಿನ ತಟ್ಟೆಯಲ್ಲಿದ್ದ ನೀಲಿ ಹೂ ನೋಡಿದ. ಕೂಗದೆ ಮಗಳಿಗೆ ಹೇಳಿದ.

"ಕುಡೀಬ್ಯಾಡ. ಕೈ ಹಂಗ ಇಡು."

ಅವಳ ಮಣಿಕಟ್ಟು ಹಿಡಿದು ಸಿಂಕಿನ ಮೇಲೆ ತಿರುಗಿಸಿ ನಲ್ಲಿ ಬಿಟ್ಟ.

"ದೇವರ ತೀರ್ಥಪಾ ಅದು. ಸಿಂಕಿಗೆ ಚೆಲ್ಲತಾರೇನು?" ಎಂದರು ಅತ್ತೆ.

"ಅವ್ವಾ, ಆ ಹೂವು ವತ್ಸನಾಭಿ, ವಿಷ. ನೀ ಕುಡದೀ ಏನು?"

ಆ ಹೆಸರು ಅವರಿಗೆ ಗೊತ್ತಿತ್ತು. ಉದ್ಧರಣೆಯನ್ನು ಮೆಲ್ಲಗೆ ಕೆಳಗಿಟ್ಟರು. "ಇಲ್ಲ. ಎಲ್ಲಾರಿಗೂ ಕೊಟ್ಟಮ್ಯಾಲ ನಾ ತಗೊಳ್ಳೂದು."

ನಾನು ಆರೋಗ್ಯ ಸಹಾಯವಾಣಿ ಒನ್ ಒನ್ ಒನ್‌ಗೆ ಫೋನ್ ಮಾಡಿದೆ. ಯಾರಾದರೂ ನುಂಗಿದ್ದಾರೆಯೇ ಎಂದು ಅತ್ತಲಿನ ಹೆಂಗಸು ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ಇಲ್ಲ ಎಂದೆ. ಸೋಪಿನಿಂದ ಕೈ ತೊಳೆದು, ಮೈಯಲ್ಲಿ ಏನಾದರೂ ತೊಂದರೆ ಕಾಣುತ್ತದೆಯೇ ಎಂದು ಗಮನಿಸಲು ಹೇಳಿದಳು. ಹೂ ಬಿಡಿಸಿದ್ದ ಅತ್ತೆಯ ಬೆರಳ ತುದಿ ಸ್ವಲ್ಪ ಜೋಮು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಮಗಳಿಗೆ ಏನೂ ಆಗಲಿಲ್ಲ.

"ಸೋ ಐ ಮಿಸ್ಡ್ ದ ಬಸ್ ಫಾರ್ ನಥಿಂಗ್?" ಎಂದಳು. ಅತ್ತೆಗೆ ಅರ್ಥವಾಗಲಿಲ್ಲ, ಆದರೂ ನಮ್ಮೊಂದಿಗೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಈಗಲೂ ಟ್ಯೂಬ್ ರೈಲಿನಲ್ಲಿ ಕೂತಾಗ ಮಗಳ ಆ ಅಂಗೈ ಕಣ್ಮುಂದೆ ಬರುತ್ತದೆ. ಅದು ಅವಳ ತುಟಿಯ ಹತ್ತಿರ ಹೋಗುತ್ತದೆ, ಮೆಟ್ಟಿಲಲ್ಲಿ ಗಂಡನ ಹೆಜ್ಜೆ ಸದ್ದು ಮಾತ್ರ ಕೇಳುವುದಿಲ್ಲ. ಮುಂದಿನ ಸ್ಟೇಷನ್ ಬಂದಾಗ ಉಸಿರು ಬಿಡುತ್ತೇನೆ.

ಶನಿವಾರ ಆ ಗಿಡವನ್ನು ಬೇರುಸಹಿತ ಅಗೆದು ತೆಗೆದು, ನರ್ಸರಿಗೆ ಹೋದೆವು. ಅತ್ತೆ ಬರುವುದಿಲ್ಲವೆಂದು ಹಟ ಹಿಡಿದವರು ಕೊನೆಗೆ ಕಾರು ಹತ್ತಿದರು. ಗಂಡ ಪ್ರತಿ ಗಿಡದ ಚೀಟಿ ಓದಿ, ತೇವ ತಡೆಯುತ್ತದೆಯೇ ಎಂದು ನೋಡುತ್ತಿದ್ದ. ಅತ್ತೆಯದು ಒಂದೇ ಪ್ರಶ್ನೆ: "ಇದು ಮನಶ್ಯಾರ ಬಾಯಾಗ ಹೋದ್ರ?" ಐರಿಸ್ ವಿಷವೆಂದು ಬೇಡವಾಯಿತು. ಆಸ್ಟಿಲ್ಬಿಯ ಗುಲಾಬಿ ಬಣ್ಣದ ಗರಿಯಂಥ ಹೂ ಒಪ್ಪಿಗೆಯಾಯಿತು. ಡೇಲಿಲಿಯ ಹೂವು ಒಂದೇ ದಿನ ಇರುತ್ತದೆ, ಚೀನೀಯರು ಅಡುಗೆಗೂ ಬಳಸುತ್ತಾರೆ ಎಂದು ಗಂಡ ಹೇಳಿದಾಗ ಅತ್ತೆ ಎರಡು ಕುಂಡಗಳನ್ನು ತಾವೇ ಟ್ರಾಲಿಯಲ್ಲಿ ಇಟ್ಟರು.

ಈ ಚಳಿಗಾಲವೂ ಮಳೆ ಬಿಟ್ಟಿಲ್ಲ. ಡೇಲಿಲಿ ನೆಟ್ಟ ಕಡೆ ನೀರು ನಿಂತಿದೆ. ಕೊಳೆಯುತ್ತವೋ ಏನೋ ಎಂದು ಗಂಡ ಕಿಟಕಿಯಲ್ಲಿ ನಿಂತು ಚಿಂತಿಸುತ್ತಿದ್ದಾನೆ. ಮೇಲಿನ ಕೋಣೆಯಲ್ಲಿ ತಲೆಗೆ ಎಣ್ಣೆ ಹಚ್ಚುವ ವಿಷಯಕ್ಕೆ ಅಜ್ಜಿ ಮೊಮ್ಮಗಳ ಜಗಳ ನಡೆದಿದೆ. ಕೊಳೆತರೆ ಮತ್ತೊಂದು ತಂದರಾಯಿತು ಎಂದೆ.