ಹಳೇ ಸೀರಿಯ ಕುಲಾವಿ

ಅಡರಕಟ್ಟಿಯೊಳಗ ಕೂಸು ಹುಟ್ಟಿತು ಅಂದ್ರ ಮೊದಲ ಖಬರ ಹೋಗೂದು ಕರಿಯವ್ವನ ಮನಿಗೆ. ಹಳೇ ಅರಿವಿ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಗದ್ದದ ಕೆಳಗ ಕಟ್ಟಾಕ ಎರಡು ಕಸಿ ಇಟ್ಟು ಆಕಿ ಕುಲಾವಿ ಹೊಲದು ಕೊಡಬೇಕು, ಕೂಸಿನ ತಲಿಗೆ ಅದು ಏರಬೇಕು. ಹೊಸಾ ಅರಿವಿ ಹಸಗೂಸಿಗೆ ಆಗೂದಿಲ್ಲ. ಹಳೇದ ಬೇಕು, ಅದೂ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದ ಮನೀದು. ಅದಕ್ಕ ಕರಿಯವ್ವ ಅರಿವಿ ಇಸಗೊಳ್ಳೂಕಿಂತ ಮೊದಲ ಕೇಳಾಕಿ, "ಹಡದಾವೆಲ್ಲಾ ಉಳದಾವಿಲ್ಲೋ ಯವ್ವಾ?" ಆ ಬಾಯಿಗೆ ಹಿಂದಿಲ್ಲ ಮುಂದಿಲ್ಲ.

ಬಾಜೂಮನ್ಯಾಗ ರೇಣುಕವ್ವ ಇದ್ಳು. ಹಡೆದ ಮೂರೂ ಕೂಸು ಮಣ್ಣು ಸೇರಿದ್ದವು. ಆಕಿ ಗಂಡ ಇದ್ದಷ್ಟು ದಿನ ಬೆಟಗೇರಿಯಾಗ ಮಗ್ಗ ಹೊಡದಾಂವ, ಹಿಂಗಾಗಿ ಟ್ರಂಕಿನ ತುಂಬ ಹತ್ತಿ ಸೀರಿ, ಉಟ್ಟು ಒಗದು ಬೆಣ್ಣಿಯಂಗ ಮೆತ್ತಗಾದವು. ಓಣಿಯಾಗ ಯಾರ ಹಡೀಲಿ, ಒಂದು ಸೀರಿ ಹಿಡಕೊಂಡು ಬರ್ತಿದ್ಳು. "ಈ ಸಲಕ್ಕ ಆತು ಬಿಡವಾ," ಅಂತ ಕರಿಯವ್ವ ನಕ್ಕೋತ ತಿರುಗಿಸಿ ಕಳಸ್ತಿದ್ಳು. ಕೈಲೆ ಸುದ್ದಾ ಮುಟ್ಟಲಿಲ್ಲ. ಎಂಥಾ ಗಟ್ಟಿ ಎದಿ ಅಂತೀರಿ!

ಹೋದ ಪುಷ್ಯಮಾಸದಾಗ ಕರಿಯವ್ವನ ಸೊಸಿ ಪ್ರಿಯಾಂಕಾ ದಿನಾ ತುಂಬೂಕಿಂತ ಮೊದಲ ಹಡೆದ್ಳು. ಹೆಣ್ಣುಕೂಸು, ಪೇರಲಹಣ್ಣಿನಷ್ಟು ತಲಿ. ಗದಗಿನ ದವಾಖಾನಿಯಿಂದ ಮನಿಗೆ ಕಳಿಸೂ ಮುಂದ ನರ್ಸ್ ಒಂದು ಉಣ್ಣಿ ಟೊಪ್ಪಿಗಿ ಕೊಟ್ಟು ಹೇಳಿದ್ಳು, "ತಲಿ ತೆರದಿಡಬ್ಯಾಡ್ರಿ. ಥಂಡಿ ಹೊಕ್ರ ಈ ಕೂಸು ತಡ್ಯಾಂಗಿಲ್ಲ." ಕರಿಯವ್ವ ಹೂಂ ಅಂದ್ಳು. ಮನಿಗೆ ಬಂದ ಕೂಡ್ಲೆ ಟೊಪ್ಪಿಗಿ ಟ್ರಂಕಿನ್ಯಾಗ ಹಾಕಿ ಕೀಲಿ ಜಡದು, ಕೀಲಿಕೈ ನಡಕ್ಕ ಸಿಗಿಸಿಕೊಂಡ್ಳು. ಹೊಸಾದಲ್ಲೇನು!

ಹೊಲಿಯಾಕ ಕುಂತ್ರ ಅರಿವೀನ ಇಲ್ಲ. ಈಗ ತನ್ನ ಮನಿ ಹಿಡದು ಓಣಿ ತುಂಬ ಬರೇ ಪಾಲಿಸ್ಟರ್ ಸೀರಿ. ಅದು ಜಾರತೈತಿ, ಬೆಚ್ಚಗಿಡೂದಿಲ್ಲ, ಎಳೇ ತೊಗಲಿಗೆ ಗೀರತೈತಿ.

"ಅತ್ತಿ, ರೇಣುಕಕ್ಕನ ಕಡೆ ಐತಲ್ರಿ," ಅಂದ್ಳು ಪ್ರಿಯಾಂಕಾ.

"ಬಾಯಿ ಮುಚ್ಚು! ಮುಳಗುಂದಕ್ಕ ಹೋಗ್ತೀನಿ, ಸೊರಟೂರಿಗೆ ಹೋಗ್ತೀನಿ, ಛಲೋ ಮನೀದ ತರ್ತೀನಿ," ಅಂತ ಕರಿಯವ್ವ ಬಸ್ ಹತ್ತಿದ್ಳು.

ಮುಳಗುಂದದಾಗ ಸಿಗಲಿಲ್ಲ. ಸೊರಟೂರಾಗ ಹತ್ತು ಮನಿ ಬಾಗಿಲಾ ಬಡದು, ಮರಿಮಕ್ಕಳನ್ನ ಕಂಡ ಒಬ್ಬ ಮುದುಕಿ ಕಡೆ ಹರಕ ಸೀರಿ ಇಸಗೊಂಡ್ಳು. ಮರುದಿನ ಸಂಜೀಕ ಗೆದ್ದವರಂಗ ಮನಿಗೆ ಬಂದು ನೋಡ್ತಾಳ, ಕೂಸಿನ ತಲಿಮ್ಯಾಲ ಆಗಲೇ ಕುಲಾವಿ! ನೀಲಿ ಹತ್ತಿ ಅರಿವಿ, ಸೊಟ್ಟ ಸೊಟ್ಟ ಹೊಲಿಗಿ. ಕೂಸು ಬೆಚ್ಚಗ ಮಲಗಿತ್ತು, ತುಟಿ ಕೆಂಪಗಿದ್ದವು. ತೊಟ್ಟಿಲ ಬಾಜೂಕ ರೇಣುಕವ್ವ ಕುಂತಿದ್ಳು.

"ಕೈಕಾಲು ತಣ್ಣಗಾಗಾಕ ಹತ್ತಿದ್ದೂರಿ, ನಾನ ಕರದ್ನಿ," ಅಂದ್ಳು ಪ್ರಿಯಾಂಕಾ.

ಕರಿಯವ್ವಗ ಮೈಯೆಲ್ಲ ಉರದು ಹೋತು. ಕೂಸಿನ ತಲಿಯಿಂದ ಜಗ್ಗಿದ ರಭಸಕ್ಕ ಕಸಿ ಕಿತ್ತು ಬಂತು. ಕುಲಾವಿ ಅಂಗಳಕ್ಕ ಒಗದ್ಳು. "ನಿನ್ನ ಮೂರು ನುಂಗಿದ್ದು ಸಾಲಲಿಲ್ಲೇನ? ನನ್ನ ಮೊಮ್ಮಗಳಿಗೂ ಕೈ ಹಚ್ಚಾಕ ಬಂದಿ?"

ರೇಣುಕವ್ವ ಎದ್ದು ಹೋದ್ಳು.

"ಆ ಉಣ್ಣಿ ಟೊಪ್ಪಿಗೀನರ ಕೊಡ್ರಿ," ಅಂತ ಸೊಸಿ ಅಳಾಕ ಹತ್ತಿದ್ಳು. "ತಡಿ, ಈಗ ಹೊಲೀತೀನಿ, ಎಷ್ಟೊತ್ತಿನ ಕೆಲಸ ಅದು?" ಅಂತ ಕರಿಯವ್ವ ಸೂಜಿ ಪೋಣಿಸಿದ್ಳು. ಪ್ರಿಯಾಂಕಾ ಕೂಸಿನ ತಲಿಗೆ ಪಾಲಿಸ್ಟರ್ ಸೆರಗು ಸುತ್ತಿ ಎದಿಗೆ ಅವಚಿಕೊಂಡ್ಳು. ಸುತ್ತಿದಂಗೆಲ್ಲಾ ಅದು ಜಾರಿ ಬೀಳ್ತಿತ್ತು, ಮುರದ ಕಿಡಕಿಯಿಂದ ಗಾಳಿ ಒಂದಸವನ ಬರ್ತಿತ್ತು. ಕರಿಯವ್ವ ತಲಿ ಎತ್ತಲಿಲ್ಲ. ಅಷ್ಟು ಅವಸರದಾಗೂ ಒಂದು ಹೊಲಿಗಿ ಸಡಿಲ ಬಿಡಲಿಲ್ಲ, ಕೈಗೆ ಹತ್ತಿದ ಅಭಿಮಾನ ನೋಡ್ರಿ. ಕುಚ್ಚು ಬ್ಯಾರೆ ಇಟ್ಟಳು. ಮುಗಿಸಿ ತೊಡಸಾಕ ಬಗ್ಗಿದ್ರ ಕೂಸಿನ ನೆತ್ತಿ ಕಲ್ಲಿನಷ್ಟು ತಣ್ಣಗ, ತುಟಿ ನೀಲಿ.

ಮಗ ಹುಲಿಗೇಶ ಆಟೋ ಹೊಡಕೊಂಡು ಲಕ್ಷ್ಮೇಶ್ವರದ ದವಾಖಾನಿ ಮುಟ್ಟೂದ್ರಾಗ ಕೂಸಿನ ಉಸುರು ನಿಂತಿತ್ತು. "ಮೊದಲ ಅಶಕ್ತ ಕೂಸು, ಮ್ಯಾಲ ಥಂಡಿ," ಅಂದ್ರು ಡಾಕ್ಟರು.

ಮುಂಜಾನಿ ಕುಣಿ ತೋಡಿದ್ರು. ಕರಿಯವ್ವ ಸೊರಟೂರ ಸೀರಿ ಕುಲಾವಿ ಹಿಡಕೊಂಡು ಕೂಸಿನ ಕಡೆ ಬಂದ್ಳು. ಪ್ರಿಯಾಂಕಾ ಆಕಿ ಕೈ ಸರಿಸಿದ್ಳು.

"ಇದು ಬ್ಯಾಡ. ನನ್ನ ಕೂಸು ಯಾವುದರಾಗ ಬೆಚ್ಚಗ ಮಲಗಿತ್ತೋ ಅದು ಬೇಕು. ಒಗದಾವರು ನೀವು, ನೀವ ತರ್ರಿ."

ಅಂಗಳದಾಗ ಅದು ಇರಲಿಲ್ಲ. ಕರಿಯವ್ವ ಬಾಜೂಮನಿ ಬಾಗಿಲಿಗೆ ಹೋಗಿ ನಿಂತ್ಳು. ಊರೂರು ತಿರುಗಿ ಅರಿವಿ ಬೇಡಿದಾಕಿ ಇಲ್ಲೂ ಬೊಗಸಿ ಒಡ್ಡಿದ್ಳು. ರೇಣುಕವ್ವ ತಾನ ಹೊರಗ ಬಂದ್ಳು. ನೀಲಿ ಕುಲಾವಿ ಆಕಿ ಕೈಯಾಗಿತ್ತು, ಧೂಳು ಝಾಡಿಸಿ, ಹರಿದ ಕಸಿ ತಿರುಗಿ ಹೊಲದಿದ್ಳು. ಕರಿಯವ್ವನ ಬೊಗಸಿಯಾಗ ಇಟ್ಟು ಅಂದ್ಳು,

"ಕಸಿ ಬಿಗಿ ಕಟ್ಟಬ್ಯಾಡಕ್ಕ. ಗದ್ದ ಇನ್ನೂ ಎಳೇದೈತಿ."

ಕರಿಯವ್ವ ಆ ಹೊಸ್ತಲಾಗ ಕುಸದು ಹೋ ಅಂತ ಅತ್ತಳು.